ಆರು ನಿಮಿಷದ ಯೂನಿಟ್, ಐದು ನಿಮಿಷದ ವಿಚಾರಣೆ

ಬರ್ಮಿಂಗ್‌ಹ್ಯಾಮಿನ ಒಂದು ವಾಣಿಜ್ಯ ಕಾನೂನು ಸಂಸ್ಥೆಯಲ್ಲಿ ಸಾಲಿಸಿಟರ್ ಆಗಿದ್ದ ಇಪ್ಪತ್ತೊಂದು ವರ್ಷ ನಾನು ನನ್ನ ಕೆಲಸದ ದಿನವನ್ನೆಲ್ಲ ಆರಾರು ನಿಮಿಷಗಳ ತುಂಡುಗಳಾಗಿ ಬರೆದಿಟ್ಟೆ. ಆ ತುಂಡಿಗೆ ಯೂನಿಟ್ ಎಂದು ಹೆಸರು. ಗಂಟೆಗೆ ಹತ್ತು ಯೂನಿಟ್. ಕಕ್ಷಿದಾರರ ಫೋನಿಗೆ ಉತ್ತರಿಸಿದರೆ ಒಂದು, ಎದುರು ಪಕ್ಷದ ಪತ್ರ ಓದಿ ಮಾರುತ್ತರ ಬರೆದರೆ ಮೂರು, ಒಪ್ಪಂದದ ಕರಡು ತಿದ್ದುತ್ತಾ ಕೂತರೆ ಇಡೀ ಮಧ್ಯಾಹ್ನ. ತಿಂಗಳ ಕೊನೆಗೆ ಅವೆಲ್ಲ ಸೇರಿ ಬಿಲ್ ಆಗುತ್ತಿದ್ದವು. ಆಮೇಲೆ ಕೌಂಟಿ ಕೋರ್ಟ್ ಎಂಬ ಸ್ಥಳೀಯ ಸಿವಿಲ್ ನ್ಯಾಯಾಲಯದ ನ್ಯಾಯಾಧೀಶೆಯಾಗಿ ಕೂತಾಗ, ಬಾಡಿಗೆದಾರರಿಂದ ಮನೆ ಬಿಡಿಸಿಕೊಡಿ ಎಂದು ಕೇಳುವ ದಾವೆಗಳ ಪಟ್ಟಿಯಲ್ಲಿ ಒಂದೊಂದಕ್ಕೆ ನಿಗದಿಯಾಗಿದ್ದ ಸಮಯ ಐದು ನಿಮಿಷ. ನನ್ನ ಹಳೆಯ ಲೆಕ್ಕದಲ್ಲಿ ಅದು ಒಂದು ಯೂನಿಟ್ ಕೂಡ ಆಗದು. ಈ ಎರಡು ಗಡಿಯಾರಗಳ ನಡುವೆ ನಾನು ಹೇಗೆ ದಾಟಿಕೊಂಡೆ ಎಂಬುದನ್ನು ನಿವೃತ್ತಳಾಗಿ ಹುದ್ದೆಯ ಕಟ್ಟುಪಾಡು ಸ್ವಲ್ಪ ಸಡಿಲವಾದ ಮೇಲೆ ಬರೆಯುತ್ತಿದ್ದೇನೆ. ಪ್ರಕರಣಗಳ ಮಾತು ಬಂದಲ್ಲೆಲ್ಲ ಒಂದರ ವಿವರವನ್ನು ಇನ್ನೊಂದರೊಳಗೆ ಬೆರೆಸಿದ್ದೇನೆ; ಯಾರೊಬ್ಬರ ಗುರುತೂ ಸಿಗಬಾರದು.

ನಾನು ಬೆಳೆದದ್ದು ತಿಪಟೂರಿನಲ್ಲಿ. ನಮ್ಮ ತಂದೆ ಅಲ್ಲಿನ ಮುನ್ಸೀಫ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದರು. ಶನಿವಾರ ಬೆಳಗಿನ ಶಾಲೆ ಮುಗಿಸಿ ಅವರಿಗೆ ಊಟದ ಡಬ್ಬಿ ಕೊಡಲು ಹೋಗುತ್ತಿದ್ದ ನಾನು, ಜವಾನ ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದನ್ನೂ, ಅಪ್ಪ ಕಡತಗಳಿಗೆ ದಾರ ಬಿಗಿಯುವುದನ್ನೂ ಬಾಗಿಲ ಪಕ್ಕ ನಿಂತು ನೋಡುತ್ತಿದ್ದೆ. ಅಲ್ಲಿಗೆ ಬರುತ್ತಿದ್ದ ದಾವೆಗಳಲ್ಲಿ ಕೊಬ್ಬರಿ ವ್ಯಾಪಾರದವು ಬಹಳ: ಮಂಡಿಯ ಮುಂಗಡ, ಪ್ರಾಮಿಸರಿ ನೋಟು, ತೂಕದ ತಕರಾರು. ವಾಣಿಜ್ಯ ವ್ಯಾಜ್ಯವೆಂಬುದನ್ನು ನಾನು ಮೊದಲು ಕಂಡದ್ದು ಅಲ್ಲಿ, ಅದಕ್ಕೆ ಆ ಹೆಸರಿದೆ ಎಂದು ತಿಳಿಯುವ ಎಷ್ಟೋ ವರ್ಷ ಮೊದಲು. 1982ರಲ್ಲಿ ಬೆಂಗಳೂರಿನಲ್ಲಿ ವಕೀಲಳಾಗಿ ನೋಂದಾಯಿಸಿಕೊಂಡು, ಹಿರಿಯರೊಬ್ಬರ ಕಚೇರಿಯಲ್ಲಿ ಆರು ವರ್ಷ ದುಡಿದು, 1988ರಲ್ಲಿ ಎಂಜಿನಿಯರ್ ಆಗಿದ್ದ ನಮ್ಮ ಯಜಮಾನರ ಉದ್ಯೋಗದ ಕಾರಣದಿಂದ ಇಂಗ್ಲೆಂಡಿಗೆ ಬಂದೆ.

ಇಲ್ಲಿ ಬಂದ ಮೇಲೆ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ವಕೀಲಿಯ ಎರಡು ಕವಲುಗಳನ್ನು. ನಮ್ಮಲ್ಲಿ 1961ರ ವಕೀಲರ ಕಾಯಿದೆಯ ನಂತರ ಅಡ್ವೊಕೇಟ್ ಎಂದರೆ ಎಲ್ಲವನ್ನೂ ಮಾಡುವವರು. ಇಂಗ್ಲೆಂಡಿನಲ್ಲಿ ಕಕ್ಷಿದಾರರನ್ನು ಕಂಡು, ದಾಖಲೆ ಕಲೆಹಾಕಿ, ಪತ್ರ ಬರೆದು, ಒಪ್ಪಂದ ರೂಪಿಸಿ, ದಾವೆ ನಡೆಸುವವರು ಸಾಲಿಸಿಟರ್. ದೊಡ್ಡ ನ್ಯಾಯಾಲಯಗಳಲ್ಲಿ ಎದ್ದು ನಿಂತು ವಾದಿಸುವವರು ಬ್ಯಾರಿಸ್ಟರ್. ನ್ಯಾಯಪೀಠಕ್ಕೆ ಹೋಗುವ ರಾಜಮಾರ್ಗ ಶತಮಾನಗಳಿಂದ ಬ್ಯಾರಿಸ್ಟರುಗಳದೇ ಆಗಿತ್ತು. ಸಾಲಿಸಿಟರುಗಳಿಗೆ ಕೌಂಟಿ ಕೋರ್ಟಿನಲ್ಲಿ ರಿಜಿಸ್ಟ್ರಾರ್ ಎಂಬ ಕೆಳಹಂತದ ನ್ಯಾಯಿಕ ಹುದ್ದೆ ಸಿಗುತ್ತಿತ್ತು. 1971ರ ಕಾಯಿದೆ ರೆಕಾರ್ಡರ್ ಎಂಬ ಅರೆಕಾಲಿಕ ನ್ಯಾಯಾಧೀಶರ ಹುದ್ದೆಯ ಮೂಲಕ, ಮೇಲಿನ ಮೆಟ್ಟಿಲಿನ ಸರ್ಕಿಟ್ ನ್ಯಾಯಾಧೀಶರಾಗುವ ಒಂದು ಕಿರುಬಾಗಿಲನ್ನು ತೆರೆಯಿತು. 1990ರ ಕಾಯಿದೆ ಮೇಲಿನ ನ್ಯಾಯಾಲಯಗಳಲ್ಲಿ ವಾದಿಸುವ ಹಕ್ಕಿನ ದಾರಿಯನ್ನೂ ತೆರೆದು, ರಿಜಿಸ್ಟ್ರಾರುಗಳನ್ನು ಡಿಸ್ಟ್ರಿಕ್ಟ್ ಜಡ್ಜ್ ಎಂದು ಕರೆಯಿತು. ಹೊರದೇಶದ ವಕೀಲರಿಗಾಗಿ ಇದ್ದ ವರ್ಗಾವಣೆ ಪರೀಕ್ಷೆ ಬರೆದು ನಾನು ಸಾಲಿಸಿಟರುಗಳ ಪಟ್ಟಿಗೆ ಸೇರಿದ್ದು 1993ರಲ್ಲಿ. ಅದೇ ವರ್ಷ ಮೈಕೇಲ್ ಸ್ಯಾಕ್ಸ್ ಹೈಕೋರ್ಟ್ ನ್ಯಾಯಾಧೀಶರಾದ ಮೊದಲ ಸಾಲಿಸಿಟರ್ ಎನಿಸಿಕೊಂಡರು. ಆ ಸುದ್ದಿಯನ್ನು ಕಚೇರಿಯಲ್ಲಿ ಎಲ್ಲರೂ ಓದಿದರು, ಸಂತೋಷಪಟ್ಟರು, ಮತ್ತೆ ತಮ್ಮ ಯೂನಿಟ್ ಬರೆಯುವುದಕ್ಕೆ ಮರಳಿದರು.

ನನ್ನ ಕೆಲಸ ಲೋಹದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಿಗೆ ಸಂಬಂಧಿಸಿದ್ದು. ಖರೀದಿದಾರ ತನ್ನ ಷರತ್ತುಗಳನ್ನು ಅಚ್ಚು ಹಾಕಿಸಿದ ಆರ್ಡರ್ ಕಳಿಸುತ್ತಾನೆ, ಮಾರುವವನು ತನ್ನ ಷರತ್ತುಗಳನ್ನು ಅಚ್ಚು ಹಾಕಿಸಿದ ರಸೀದಿ ಕಳಿಸುತ್ತಾನೆ, ಸರಕು ಕೆಟ್ಟ ಮೇಲೆ ಯಾರ ಕಾಗದದ ಷರತ್ತು ಒಪ್ಪಂದವಾಯಿತು ಎಂದು ಇಬ್ಬರೂ ನಮ್ಮಂಥವರ ಬಳಿ ಬರುತ್ತಾರೆ. ಕೊಂಡವನು ದಿವಾಳಿಯಾದರೆ, ಹಣ ಸಂದಾಯವಾಗುವವರೆಗೆ ಸರಕಿನ ಒಡೆತನ ತನ್ನದೇ ಎಂದು ಬರೆದುಕೊಂಡ ಮಾರಾಟಗಾರನಿಗೆ ಗೋದಾಮಿನಲ್ಲಿ ಉಳಿದ ಉಕ್ಕಿನ ಮೇಲೆ ಹಕ್ಕಿದೆಯೇ ಎಂಬ ಪ್ರಶ್ನೆ. ಬುದ್ಧಿಗೆ ಕಸರತ್ತು ಕೊಡುವ, ಮನಸ್ಸನ್ನು ಅಷ್ಟಾಗಿ ಕದಡದ ಕೆಲಸ ಅದು. 2000ದಲ್ಲಿ ಪಾಲುದಾರಳಾದೆ. ಅದೇ ವರ್ಷ ಲಂಡನ್ನಿನ ದೊಡ್ಡ ಸಂಸ್ಥೆಯೊಂದರ ಪಾಲುದಾರರಾಗಿದ್ದ ಲಾರೆನ್ಸ್ ಕಾಲಿನ್ಸ್ ಸಾಲಿಸಿಟರ್ ವೃತ್ತಿಯಿಂದ ನೇರವಾಗಿ ಹೈಕೋರ್ಟಿಗೆ ನೇಮಕವಾದರು. ಮುಂದೆ 2007ರಲ್ಲಿ ಅಪೀಲು ನ್ಯಾಯಾಲಯಕ್ಕೂ 2009ರಲ್ಲಿ ಸುಪ್ರೀಂ ಕೋರ್ಟಿಗೂ ಏರಿದರು. ಅವರದು ಅಂತರರಾಷ್ಟ್ರೀಯ ಖಾಸಗಿ ಕಾನೂನಿನ ಮಹಾ ಪಾಂಡಿತ್ಯ. ನನ್ನಂಥ ಪ್ರಾಂತ್ಯದ ಸಾಲಿಸಿಟರಿಗೆ ಆ ಉದಾಹರಣೆ ಹೆಮ್ಮೆಯದೇ ಹೊರತು ಅನುಸರಿಸಬಹುದಾದದ್ದಾಗಿರಲಿಲ್ಲ.

ವಾಣಿಜ್ಯ ಸಾಲಿಸಿಟರಿನ ಎರಡು ಅಭ್ಯಾಸಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ನನಗೆ ತೊಡಕಾದದ್ದು ಅವೇ. ಮೊದಲನೆಯದು, ನಾವು ಎಂದೂ ‘ನಾನು’ ಎಂದು ಬರೆಯುವುದಿಲ್ಲ. ಪತ್ರ ಸಂಸ್ಥೆಯ ಹೆಸರಿನಲ್ಲಿ ಹೋಗುವುದರಿಂದ ‘ನಮ್ಮ ಅಭಿಪ್ರಾಯದಲ್ಲಿ’, ‘ನಮಗೆ ತಿಳಿದುಬಂದಂತೆ’ ಎಂದೇ ಬರೆಯಬೇಕು. ಎರಡನೆಯದು, ನಾವು ನಿರ್ಧಾರ ಮಾಡುವುದಿಲ್ಲ. ಕಕ್ಷಿದಾರರ ಮುಂದೆ ಮೂರು ದಾರಿಗಳನ್ನು ಇಟ್ಟು, ಪ್ರತಿಯೊಂದರ ಅಪಾಯವನ್ನು ತೂಗಿ ತೋರಿಸಿ, ಇವುಗಳಲ್ಲಿ ಎರಡನೆಯದು ಮೇಲೆಂದು ಕಾಣುತ್ತದೆ, ಆದರೂ ಆಯ್ಕೆ ತಮ್ಮದು ಎಂದು ಮುಗಿಸುತ್ತೇವೆ. ಹೀಗೆ ಬರೆಯುವುದು ಹೇಡಿತನವಲ್ಲ. ಅದೇ ಆ ವೃತ್ತಿಯ ಧರ್ಮ. ಆದರೆ ಹದಿನೈದು ವರ್ಷ ಹಾಗೆ ಬರೆದವಳ ತಲೆ, ಯಾವ ಪ್ರಶ್ನೆ ಕೇಳಿದರೂ ತಾನಾಗಿಯೇ ಮೂರು ಕವಲಾಗಿ ಒಡೆಯುತ್ತದೆ.

2006ರ ಏಪ್ರಿಲ್‌ನಲ್ಲಿ ನ್ಯಾಯಾಂಗ ನೇಮಕಾತಿ ಆಯೋಗ ಕೆಲಸ ಆರಂಭಿಸಿತು. ಅದಕ್ಕೆ ಮೊದಲು ನ್ಯಾಯಾಂಗದ ಹೊಣೆ ಹೊತ್ತ ಮಂತ್ರಿ ಲಾರ್ಡ್ ಚಾನ್ಸಲರ್ ಅವರ ಇಲಾಖೆಯವರು ಹಿರಿಯ ನ್ಯಾಯಾಧೀಶರ ಬಳಿ ಅಭ್ಯರ್ಥಿಯ ಬಗ್ಗೆ ಗುಟ್ಟಾಗಿ ವಿಚಾರಿಸಿಕೊಂಡು ನೇಮಿಸುವ ಪದ್ಧತಿ ಇತ್ತು. ಹಿರಿಯ ನ್ಯಾಯಾಧೀಶರ ಜೊತೆ ಊಟಕ್ಕೆ ಕೂರುವವರು ಬ್ಯಾರಿಸ್ಟರುಗಳೇ ಆದ್ದರಿಂದ ನಮ್ಮ ಹೆಸರು ಅಲ್ಲಿ ಬರುವ ಸಂಭವ ಕಡಿಮೆ. 2005ರ ಸಾಂವಿಧಾನಿಕ ಸುಧಾರಣಾ ಕಾಯಿದೆ ಅದನ್ನು ತೆಗೆದುಹಾಕಿ, ಕಾನೂನು ವೃತ್ತಿಯವರಲ್ಲದ ಅಧ್ಯಕ್ಷರಿರುವ ಹದಿನೈದು ಜನರ ಆಯೋಗವನ್ನು ಇಟ್ಟಿತು. ಜಾಹೀರಾತು ಬರುತ್ತದೆ, ಯಾರು ಬೇಕಾದರೂ ಅರ್ಜಿ ಹಾಕಬಹುದು. ಅರ್ಹತೆಯ ಷರತ್ತು ಓದಿದಾಗ ನನಗೆ ಅಚ್ಚರಿಯಾದದ್ದು ಪೌರತ್ವದ ಸಾಲು: ಬ್ರಿಟನ್, ಐರ್ಲೆಂಡ್ ಅಥವಾ ಯಾವುದೇ ಕಾಮನ್‌ವೆಲ್ತ್ ದೇಶದ ಪ್ರಜೆ ಎಂದಿತ್ತು. ಆ ಹೊತ್ತಿಗೆ ನಾನು ಬ್ರಿಟನ್ನಿನ ಪ್ರಜೆಯಾಗಿದ್ದೆ, ಆದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೂ ಅಡ್ಡಿಯಾಗುತ್ತಿರಲಿಲ್ಲ ಎಂದು ತಿಳಿದು ಸ್ವಲ್ಪ ಹೊಟ್ಟೆಯುರಿಯಿತು.

2007ರಲ್ಲಿ ಡೆಪ್ಯುಟಿ ಡಿಸ್ಟ್ರಿಕ್ಟ್ ಜಡ್ಜ್ ಹುದ್ದೆಗೆ ಅರ್ಜಿ ಹಾಕಿದೆ. ಇದು ದಿನಭತ್ಯೆಯ ಹುದ್ದೆ; ವಕೀಲಿ ಮಾಡುತ್ತಲೇ ವರ್ಷದಲ್ಲಿ ಕೆಲವು ದಿನ ಪೀಠದಲ್ಲಿ ಕೂರುವುದು. ಪೂರ್ಣಾವಧಿ ಹುದ್ದೆ ಬಯಸುವವರು ಮೊದಲು ಇದರಲ್ಲಿ ಕೈಪಳಗಿಸಿಕೊಳ್ಳಬೇಕೆಂಬುದು ಇಲ್ಲಿಯ ರೂಢಿ. ಅರ್ಜಿಯ ಮುಖ್ಯ ಭಾಗ ಸ್ವಯಂ ಮೌಲ್ಯಮಾಪನ: ಬುದ್ಧಿಸಾಮರ್ಥ್ಯ, ವೈಯಕ್ತಿಕ ಗುಣ, ಜನರನ್ನು ಅರಿತು ನ್ಯಾಯವಾಗಿ ನಡೆಸಿಕೊಳ್ಳುವುದು, ಅಧಿಕಾರ ಮತ್ತು ಮಾತಿನ ಸ್ಪಷ್ಟತೆ, ದಕ್ಷತೆ, ಒಂದೊಂದಕ್ಕೂ ತನ್ನ ಅನುಭವದಿಂದ ಉದಾಹರಣೆ ಕೊಡಬೇಕು. ನನ್ನ ಮೊದಲ ಕರಡನ್ನು ಓದಿದ ಸಹೋದ್ಯೋಗಿ, ‘ಇದರಲ್ಲಿ ನೀವು ಎಲ್ಲಿದ್ದೀರಿ?’ ಎಂದು ಕೇಳಿದರು. ಎಲ್ಲ ವಾಕ್ಯವೂ ‘ನಾವು’ ಎಂದೇ ಶುರುವಾಗಿತ್ತು. ಅದನ್ನು ‘ನಾನು’ ಎಂದು ಬದಲಿಸುತ್ತಾ ಹೋದರೆ, ಕೆಲವು ಕಡೆ ಆ ಕೆಲಸವನ್ನು ನಿಜವಾಗಿ ಮಾಡಿದವಳು ನಾನಲ್ಲ, ನನ್ನ ಕಿರಿಯರು ಎಂಬುದು ನನಗೇ ಹೊಳೆದು, ಆ ಉದಾಹರಣೆಗಳನ್ನು ತೆಗೆಯಬೇಕಾಯಿತು.

ಲಿಖಿತ ಪರೀಕ್ಷೆ ದಾಟಿದೆ. ಆಯ್ಕೆಯ ದಿನ ಮೊದಲು ಒಂದು ಅಭಿನಯ. ಸಣ್ಣ ಕಡತ ಕೊಟ್ಟು ಓದಿಕೊಳ್ಳಲು ಸಮಯ ಕೊಡುತ್ತಾರೆ, ಆಮೇಲೆ ಕಕ್ಷಿದಾರರ ಪಾತ್ರದಲ್ಲಿ ನಟರು ಎದುರಿಗೆ ಬಂದು ಕೂರುತ್ತಾರೆ, ನಾವು ನ್ಯಾಯಾಧೀಶರಂತೆ ನಡೆಸಬೇಕು. ಒಬ್ಬ ಮನೆ ರಿಪೇರಿಯ ಗುತ್ತಿಗೆದಾರ, ಒಬ್ಬಾಕೆ ಮನೆಯೊಡತಿ. ಆತ ಜಗಳಗಂಟ, ಆಕೆ ಮಾತೆತ್ತಿದರೆ ಅಳುವವಳು. ನಾನು ಇಬ್ಬರನ್ನೂ ಸಮಾಧಾನಪಡಿಸಿದೆ, ಕಾಗದ ಪತ್ರ ಚೆನ್ನಾಗಿ ವಿಂಗಡಿಸಿದೆ, ನೀವು ಹೀಗೂ ಮಾಡಬಹುದು, ಹಾಗೂ ಮಾಡಬಹುದು ಎಂದು ವಿವರಿಸಿದೆ. ಸಮಯ ಮುಗಿಯಿತು. ಹೊರಗೆ ಬಂದಾಗ ಚೆನ್ನಾಗಿಯೇ ಆಯಿತೆಂದುಕೊಂಡಿದ್ದೆ. ಕೆಲವು ತಿಂಗಳ ಬಳಿಕ ಬಂದ ಪತ್ರದಲ್ಲಿ ಆಯ್ಕೆಯಾಗಿಲ್ಲವೆಂದೂ, ಕೇಳಿ ತರಿಸಿಕೊಂಡ ವಿವರಣೆಯಲ್ಲಿ ‘ಅಭ್ಯರ್ಥಿ ಕಕ್ಷಿದಾರರಿಗೆ ಸಲಹೆ ನೀಡಿದರು, ಆದೇಶ ನೀಡಲಿಲ್ಲ’ ಎಂಬ ಅರ್ಥದ ಮಾತೂ ಇದ್ದವು. ಮೊದಲು ಸಿಟ್ಟು ಬಂತು. ಹದಿನೈದು ನಿಮಿಷಕ್ಕೊಮ್ಮೆ ಅದನ್ನೇ ಮತ್ತೆ ಓದಿ, ಸಂಜೆಯ ಹೊತ್ತಿಗೆ ಅದು ಸರಿ ಎಂದು ಒಪ್ಪಿಕೊಂಡೆ.

ನ್ಯಾಯಾಧೀಶರ ಪಕ್ಕದಲ್ಲಿ ಕೂತು ನೋಡುವ ಯೋಜನೆಯೊಂದು ಇಲ್ಲಿದೆ. ಅದರ ಮೂಲಕ ಎರಡು ದಿನ ಒಬ್ಬ ಹಿರಿಯ ಡಿಸ್ಟ್ರಿಕ್ಟ್ ಜಡ್ಜ್ ಜೊತೆ ಕೂತೆ. ಅವರು ಪ್ರತಿ ವಿಚಾರಣೆಯ ಆರಂಭಕ್ಕೂ ಮುಂಚೆ ನೋಟ್‌ಬುಕ್ಕಿನ ಹೊಸ ಪುಟದ ತಲೆಯಲ್ಲಿ ಒಂದೇ ಸಾಲು ಬರೆಯುತ್ತಿದ್ದರು: ಇವತ್ತು ನಾನು ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂಬುದು. ಸಾಕ್ಷಿಗಳು ಎಲ್ಲೆಲ್ಲೋ ಅಲೆದಾಗ ಅವರ ಕಣ್ಣು ಮತ್ತೆ ಆ ಸಾಲಿಗೆ ಹೋಗುತ್ತಿತ್ತು. ನಾನು ಮನೆಗೆ ಬಂದು ಅದನ್ನೇ ಅಭ್ಯಾಸ ಮಾಡಿದೆ. ಹಳೆಯ ಕೇಸುಗಳ ದಾಖಲೆಗಳನ್ನು, ತೀರ್ಪಿನ ಪುಟ ಮುಚ್ಚಿಟ್ಟು, ಓದಿಕೊಂಡು, ಅಡುಗೆಮನೆಯಲ್ಲಿ ಬೇಳೆ ಬೇಯಲು ಇಟ್ಟು, ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಗಟ್ಟಿಯಾಗಿ ತೀರ್ಪು ಹೇಳಿ ಮುಗಿಸಬೇಕು. ವಾಸ್ತವಾಂಶ, ವಿವಾದಾಂಶ, ಯಾರನ್ನು ನಂಬಿದೆ, ಏಕೆ ನಂಬಿದೆ, ಆದೇಶವೇನು. ಮೊದಮೊದಲು ಮೂರನೆಯ ಕೂಗಿನ ಹೊತ್ತಿಗೆ ನಾನಿನ್ನೂ ವಾಸ್ತವಾಂಶದಲ್ಲೇ ಇರುತ್ತಿದ್ದೆ. ನಮ್ಮ ಯಜಮಾನರು ಪಕ್ಕದ ಕೋಣೆಯಿಂದ ‘ಯಾರು ಗೆದ್ದರು?’ ಎಂದು ಕೇಳುತ್ತಿದ್ದರು.

2009ರಲ್ಲಿ ಎರಡನೆಯ ಬಾರಿ ಹಾಕಿದ ಅರ್ಜಿ ಫಲಿಸಿತು. ಈ ಸಲದ ಅಭಿನಯದಲ್ಲಿ ನಟ ನನ್ನ ಮಾತಿಗೆ ಅಡ್ಡ ಬಂದಾಗ, ‘ನಿಮ್ಮ ಮಾತು ಕೇಳಿದ್ದೇನೆ, ಈಗ ನನ್ನ ನಿರ್ಧಾರ ಹೇಳುತ್ತೇನೆ’ ಎಂದ ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಹಿನ್ನೆಲೆ ತಪಾಸಣೆ, ಹಿರಿಯ ನ್ಯಾಯಾಧೀಶರೊಡನೆ ಕಾಯಿದೆಬದ್ಧ ಸಮಾಲೋಚನೆ, ತೆರಿಗೆಯ ಲೆಕ್ಕ, ವೇಗ ಮೀರಿ ಕಾರು ಓಡಿಸಿ ತೆತ್ತ ದಂಡದ ವಿವರ, ಇವೆಲ್ಲ ಮುಗಿದು ನೇಮಕದ ಪತ್ರ ಬಂದದ್ದು 2010ರಲ್ಲಿ. ಪ್ರಮಾಣವನ್ನು ಧರ್ಮಗ್ರಂಥ ಮುಟ್ಟಿ ಮಾಡಬಹುದು, ಇಲ್ಲವೇ ಗ್ರಂಥವಿಲ್ಲದೆ ದೃಢೀಕರಿಸಬಹುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಭಯವಾಗಲಿ ಪಕ್ಷಪಾತವಾಗಲಿ ರಾಗವಾಗಲಿ ದ್ವೇಷವಾಗಲಿ ಇಲ್ಲದೆ ಎಲ್ಲ ಬಗೆಯ ಜನರಿಗೂ ನ್ಯಾಯ ಸಲ್ಲಿಸುತ್ತೇನೆ ಎಂಬ ಆ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಾಗ, ಚಿಕ್ಕಂದಿನಲ್ಲಿ ರೇಡಿಯೊದಲ್ಲಿ ಕೇಳಿದ್ದ ಮಂತ್ರಿಗಳ ಪ್ರಮಾಣವಚನ ನೆನಪಾಯಿತು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿರುವುದೂ ಇದೇ ಮಾತುಗಳ ಸರಣಿಯೇ.

ತರಬೇತಿ ಒಂದು ವಾರಕ್ಕಿಂತ ಹೆಚ್ಚಿನದಲ್ಲ. ಅದರ ಜೊತೆಗೆ ಬೇರೆ ನ್ಯಾಯಾಧೀಶರ ಪಕ್ಕ ಕೂರುವ ಕೆಲವು ದಿನಗಳು. ಇಷ್ಟರ ಮೇಲೆ ಜನರ ಮನೆ, ಸಾಲ, ದಾಂಪತ್ಯದ ಆಸ್ತಿಗಳ ಬಗ್ಗೆ ತೀರ್ಮಾನಿಸಲು ಬಿಡುತ್ತಾರಲ್ಲ ಎಂದು ನನಗೆ ದಿಗಿಲಾಗಿತ್ತು. ಮೊದಲ ದಿನದ ಪ್ರಕರಣ ಸಣ್ಣ ಮೊತ್ತದ್ದು. ಅಡುಗೆಮನೆಗೆ ಹಾಕಿದ ಟೈಲ್ಸ್ ಸೊಟ್ಟಗಿವೆ ಎಂದು ಕೊನೆಯ ಕಂತು ಕೊಡದ ಗ್ರಾಹಕ, ಹಣ ಕೇಳುವ ಕೆಲಸಗಾರ, ವಕೀಲರು ಯಾರೂ ಇಲ್ಲ. ಸಾಕ್ಷ್ಯ ಮುಗಿಸಿ ಹತ್ತು ನಿಮಿಷ ಸಮಯ ಪಡೆದು ಕೋಣೆಗೆ ಹೋದವಳು ಇಪ್ಪತ್ತೈದು ನಿಮಿಷ ಬರಲೇ ಇಲ್ಲ. ಕಕ್ಷಿದಾರರನ್ನು ಒಳಗೆ ಕರೆಯುವ ಕೋರ್ಟಿನ ಸಿಬ್ಬಂದಿ, ಅಷರ್, ಬಾಗಿಲು ತಟ್ಟಿ, ಮುಂದಿನವರು ಕಾಯುತ್ತಿದ್ದಾರೆ ಎಂದು ವಿನಯದಿಂದ ನೆನಪಿಸಿದರು. ಹೊರಗೆ ಬಂದು, ಬರೆದುಕೊಂಡ ಒಂದು ಸಾಲಿನತ್ತ ನೋಡಿ, ಗ್ರಾಹಕನ ವಿರುದ್ಧ ತೀರ್ಪು ಹೇಳಿದೆ. ಆತ ಎದ್ದು, ‘ಥ್ಯಾಂಕ್ ಯೂ, ಮೇಡಂ’ ಎಂದು ಹೇಳಿ ಹೋದ. ಆ ಮೂರು ಪದ ನನ್ನನ್ನು ಅಲುಗಾಡಿಸಿಬಿಟ್ಟವು. ಅಷ್ಟು ವರ್ಷದ ವಕೀಲಿಯಲ್ಲಿ ಸೋತವನೊಬ್ಬನನ್ನು ನಾನು ಎದುರಿಗೆ ಕೂತು ನೋಡಿದ್ದು ಅಪರೂಪ. ನಮಗೆ ಸೋಲು ಗೆಲುವು ಎರಡೂ ಕಾಗದದಲ್ಲಿ ಬರುತ್ತಿದ್ದವು, ಖರ್ಚಿನ ಲೆಕ್ಕದ ಜೊತೆಗೆ.

ಎರಡನೆಯ ವರ್ಷ ನನ್ನ ಒಂದು ತೀರ್ಪು ಅಪೀಲಿನಲ್ಲಿ ಬಿದ್ದಿತು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರನ್ನು ನಂಬುತ್ತೇನೆ ಎಂದು ಹೇಳಿದ್ದೆ, ಏಕೆ ಎಂದು ಹೇಳಿರಲಿಲ್ಲ. ಸೋತವನಿಗೆ ತಾನು ಏಕೆ ಸೋತೆನೆಂದು ತಿಳಿಯುವಷ್ಟು ಕಾರಣ ಕೊಡಬೇಕೆಂದು ಅಪೀಲು ನ್ಯಾಯಾಲಯ 2002ರಲ್ಲೇ ವಿಧಿಸಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಸರ್ಕಿಟ್ ನ್ಯಾಯಾಧೀಶರು ನನ್ನ ಹೆಸರೆತ್ತದೆ, ‘ಕೆಳಗಿನ ನ್ಯಾಯಾಧೀಶರು’ ಎಂದಷ್ಟೇ ಬರೆದು ಮರುವಿಚಾರಣೆಗೆ ಕಳಿಸಿದರು. ಸಲಹೆಯ ಪತ್ರಗಳಲ್ಲಿ ಕಾರಣಗಳನ್ನು ಪುಟಗಟ್ಟಲೆ ಕೊಡುತ್ತಿದ್ದವಳು, ನಿರ್ಧರಿಸುವುದನ್ನು ಕಲಿಯುವ ಭರದಲ್ಲಿ ಕಾರಣ ಕೊಡುವುದನ್ನು ಮರೆತಿದ್ದೆ.

ಈಗ ಆ ಐದು ನಿಮಿಷದ ಪಟ್ಟಿಗೆ ಬರುತ್ತೇನೆ. ಒಂದು ಬೆಳಗ್ಗೆ ಇಪ್ಪತ್ತಕ್ಕೂ ಹೆಚ್ಚು ಪ್ರಕರಣ. ಅರ್ಧದಷ್ಟು ಬಾಡಿಗೆದಾರರು ಬರುವುದೇ ಇಲ್ಲ. ಮನೆ ಬಿಡಿಸಲು 1988ರ ವಸತಿ ಕಾಯಿದೆ ಕೊಡುವ ಕಾರಣಗಳಲ್ಲಿ ಎಂಟನೆಯ ಆಧಾರವೆಂಬುದು ನಾನಿದ್ದ ಕಾಲದಲ್ಲಿ ಕಲ್ಲಿನಂಥದ್ದು. ತಿಂಗಳ ಬಾಡಿಗೆಯಾದರೆ, ನೋಟಿಸಿನ ದಿನವೂ ವಿಚಾರಣೆಯ ದಿನವೂ ಎರಡು ತಿಂಗಳ ಬಾಡಿಗೆ ಬಾಕಿ ಇದ್ದರೆ, ಮಾಲೀಕನಿಗೆ ಮನೆ ಬಿಡಿಸಿಕೊಡಲೇಬೇಕು. ಕೆಲಸ ಹೋಯಿತು, ಕಾಯಿಲೆಯಾಯಿತು, ಭತ್ಯೆ ತಡವಾಯಿತು ಎಂಬುದೊಂದನ್ನೂ ನ್ಯಾಯಾಧೀಶರು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಗಡುವನ್ನಾದರೂ ಮುಂದೂಡೋಣವೆಂದರೆ 1980ರ ಕಾಯಿದೆ ಹದಿನಾಲ್ಕು ದಿನ ಎನ್ನುತ್ತದೆ, ಅಸಾಧಾರಣ ಸಂಕಷ್ಟವಿದ್ದರೆ ಆರು ವಾರ. ಅದರಾಚೆಗೆ ಒಂದು ದಿನವೂ ಇಲ್ಲ. ಲೋಹದ ಕಾರ್ಖಾನೆಗಳ ಒಪ್ಪಂದಗಳಲ್ಲಿ ನಾನು ಇಷ್ಟಪಟ್ಟು ಬರೆಯುತ್ತಿದ್ದದ್ದು ಇಂಥ ವಿನಾಯಿತಿಯಿಲ್ಲದ ಷರತ್ತುಗಳನ್ನೇ. ಅನಿಶ್ಚಿತತೆ ವ್ಯಾಪಾರಕ್ಕೆ ಶತ್ರು ಎಂದು ಕಿರಿಯರಿಗೆ ಪಾಠ ಹೇಳಿದವಳೂ ನಾನೇ.

ಒಂದು ದಿನ ಎರಡು ತಿಂಗಳ ಗಡಿಗಿಂತ ಬಾಕಿ ಕೇವಲ ಮೂವತ್ತು ಪೌಂಡಿನಷ್ಟು ಹೆಚ್ಚಿತ್ತು. ಪೀಠದಲ್ಲಿ ಕೂತವಳು ಬಾಡಿಗೆದಾರಳಿಗೆ ‘ಮೂವತ್ತು ಪೌಂಡ್ ಹೊಂದಿಸಿ’ ಎಂದು ಸಲಹೆ ಕೊಡುವಂತಿಲ್ಲ; ನನ್ನ ಹಳೆಯ ನಾಲಿಗೆ ಅದನ್ನು ಹೇಳಲು ತುದಿಗೆ ಬಂದಿತ್ತು. ನಾನು ಮಾಡಬಹುದಾದದ್ದು ಒಂದೇ: ಆ ದಿನ ಕೋರ್ಟಿನಲ್ಲಿ ಉಚಿತ ಸಲಹೆಗೆ ಬಂದಿದ್ದ ವಕೀಲರನ್ನು ಕಂಡುಬರಲೆಂದು ಪ್ರಕರಣವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟೆ. ಮುಕ್ಕಾಲು ಗಂಟೆಯ ನಂತರ ಮತ್ತೆ ಕೂಗಿಸಿದಾಗ, ಆಕೆ ಹೊರಗಿನ ಹಜಾರದಲ್ಲೇ ಅಣ್ಣನಿಗೆ ಫೋನ್ ಮಾಡಿ ಮಾಲೀಕನ ಖಾತೆಗೆ ಹಣ ಹಾಕಿಸಿದ್ದರು. ಬಾಕಿ ಗಡಿಯೊಳಗೆ ಬಂದಿತ್ತು. ಕಡ್ಡಾಯದ ಆಧಾರ ಬಿದ್ದುಹೋಗಿ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ಆಧಾರಗಳು ಉಳಿದವು. ಕಂತಿನ ಷರತ್ತಿನ ಮೇಲೆ ಆದೇಶವನ್ನು ಅಮಾನತಿನಲ್ಲಿಟ್ಟೆ. ಇದನ್ನು ಗೆಲುವಿನ ಕಥೆಯಂತೆ ಹೇಳಲಾರೆ. ಅದೇ ಬೆಳಗ್ಗೆ ಇನ್ನಿಬ್ಬರಿಗೆ ಅಂಥ ಅಣ್ಣ ಇರಲಿಲ್ಲ. ಮತ್ತೊಬ್ಬಾಕೆ ಬಂದು, ದಯವಿಟ್ಟು ಆದೇಶ ಕೊಟ್ಟುಬಿಡಿ, ಅದಿಲ್ಲದಿದ್ದರೆ ಸ್ಥಳೀಯ ಆಡಳಿತ ತನ್ನನ್ನು ವಸತಿಹೀನಳೆಂದು ಪರಿಗಣಿಸುವುದಿಲ್ಲ ಎಂದು ನನ್ನನ್ನೇ ಬೇಡಿಕೊಂಡಳು. ಮನೆ ಕಳೆದುಕೊಳ್ಳುವುದನ್ನು ಕೇಳಿಕೊಂಡು ಬರುವವರೂ ಇರುತ್ತಾರೆಂದು ನಾನು ಎಣಿಸಿರಲಿಲ್ಲ.

2014ರಲ್ಲಿ, ಬೇರೆಬೇರೆಯಾಗಿದ್ದ ಕೌಂಟಿ ಕೋರ್ಟುಗಳೆಲ್ಲ ಕಾನೂನಿನ ಕಣ್ಣಿನಲ್ಲಿ ಒಂದೇ ಕೌಂಟಿ ಕೋರ್ಟ್ ಆದ ವರ್ಷ, ನಾನು ಪೂರ್ಣಾವಧಿಯ ಡಿಸ್ಟ್ರಿಕ್ಟ್ ಜಡ್ಜ್ ಆದೆ. ಆ ಹುದ್ದೆಗೆ ಸೇರಿದವರು ಮತ್ತೆ ವಕೀಲಿಗೆ ಮರಳುವಂತಿಲ್ಲವೆಂಬುದು ಇಲ್ಲಿಯ ಕಟ್ಟುನಿಟ್ಟಿನ ಸಂಪ್ರದಾಯ. ಪಾಲುದಾರಿಕೆಯ ಬಂಡವಾಳ ವಾಪಸ್ ಪಡೆದೆ. ಆದಾಯ ಅರ್ಧಕ್ಕೂ ಕೆಳಗಿಳಿಯಿತು. ಅದಕ್ಕಿಂತ ಭಾರವಾದದ್ದು ಫೋನಿನ ಮೌನ. ಇಪ್ಪತ್ತು ವರ್ಷ ದೀಪಾವಳಿಗೂ ಕ್ರಿಸ್‌ಮಸ್‌ಗೂ ಮನೆಗೆ ಬರುತ್ತಿದ್ದ ಕಾರ್ಖಾನೆಯ ಮಾಲೀಕರು ಈಗ ನನ್ನ ಮುಂದೆ ಕಕ್ಷಿದಾರರಾಗಿ ಬರಬಹುದಾದವರು. ಅವರೂ ಅರ್ಥ ಮಾಡಿಕೊಂಡರು, ನಾನೂ ದೂರ ಉಳಿದೆ. ಗಾಢ ಬಣ್ಣದ ನಿಲುವಂಗಿ, ಕತ್ತಿನ ಬಳಿ ಡಿಸ್ಟ್ರಿಕ್ಟ್ ಜಡ್ಜ್‌ಗಳ ಗುರುತಾದ ನೀಲಿ ಪಟ್ಟಿ. ಸಿವಿಲ್ ಪ್ರಕರಣಗಳಲ್ಲಿ ವಿಗ್ ತೊಡುವ ಪದ್ಧತಿ 2008ರಲ್ಲೇ ಹೋಗಿತ್ತು. ಊರಿನ ನೆಂಟರಿಗೆ ಮಾತ್ರ ಈ ಸುದ್ದಿಯಿಂದ ತುಸು ನಿರಾಸೆಯಾಯಿತು.

ವಾಣಿಜ್ಯ ಕಾನೂನು ನನ್ನನ್ನು ಬಿಟ್ಟುಹೋಯಿತೆಂದುಕೊಂಡಿದ್ದರೆ ಅದು ಕಾರು ನಿಲುಗಡೆಯ ರೂಪದಲ್ಲಿ ಮರಳಿ ಬಂದಿತು. ಒಪ್ಪಂದ ಮುರಿದರೆ ಇಷ್ಟು ಕೊಡಬೇಕೆಂಬ ಷರತ್ತು ನ್ಯಾಯವಾದ ಪರಿಹಾರವೇ, ದಂಡವೇ ಎಂಬ ಪ್ರಶ್ನೆಗೆ 1915ರ ಡನ್‌ಲಪ್ ಟೈರ್ ಪ್ರಕರಣ ಇಲ್ಲಿಯ ಮೂಲಪಾಠ. ಬೆಂಗಳೂರಿನಲ್ಲಿ ಓದುವಾಗ ನಮ್ಮ ಕರಾರು ಕಾಯಿದೆಯ 74ನೆಯ ಕಲಂ ಆ ವ್ಯತ್ಯಾಸವನ್ನೇ ಅಳಿಸಿ, ಬರೆದ ಮೊತ್ತದ ಮಿತಿಯೊಳಗೆ ಸಮಂಜಸವಾದ ಪರಿಹಾರ ಎಂದಷ್ಟೇ ಹೇಳುತ್ತದೆ ಎಂದು ಕಲಿತಿದ್ದೆ. ಇಲ್ಲಿ ಲಕ್ಷಾಂತರ ಪೌಂಡಿನ ಸರಬರಾಜು ಒಪ್ಪಂದಗಳಲ್ಲಿ ಆ ಪ್ರಶ್ನೆಯ ಮೇಲೆ ಎಷ್ಟು ಯೂನಿಟ್ ಖರ್ಚಾಗಿದ್ದವೋ. 2015ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಡನ್‌ಲಪ್ ಸೂತ್ರವನ್ನು ಹೊಸದಾಗಿ ವ್ಯಾಖ್ಯಾನಿಸಿ, ಚೆಮ್ಸ್‌ಫರ್ಡ್ ನಗರದ ಅಂಗಡಿ ಸಮುಚ್ಚಯದಲ್ಲಿ ಎರಡು ಗಂಟೆಯ ಉಚಿತ ಅವಧಿ ಮೀರಿ 56 ನಿಮಿಷ ಕಾರು ನಿಲ್ಲಿಸಿದವರಿಂದ ಕೇಳಿದ 85 ಪೌಂಡ್ ಅನ್ಯಾಯದ ದಂಡವಲ್ಲವೆಂದು ತೀರ್ಮಾನಿಸಿತು. ಆಮೇಲೆ ನನ್ನ ಕೋಣೆಗೆ ಕಾರು ನಿಲ್ಲಿಸಿದವರ ದಂಡೇ ಬಂದಿತು, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ವಾದಗಳ ಕಟ್ಟು ಹಿಡಿದು. ನಿವೃತ್ತ ಬಸ್ ಚಾಲಕರೊಬ್ಬರು ಡನ್‌ಲಪ್ ಪ್ರಕರಣದ ನಾಲ್ಕು ಸೂತ್ರಗಳನ್ನು ನಮ್ಮ ಸಂಸ್ಥೆಯ ಕಿರಿಯ ಸಾಲಿಸಿಟರುಗಳಿಗಿಂತ ಸ್ಪಷ್ಟವಾಗಿ ಹೇಳಿ ಸೋತರು.

2013ರಿಂದ ಕಾನೂನು ನೆರವಿನ ಹಣ ಮೊಟಕಾದ ಮೇಲೆ ವಕೀಲರಿಲ್ಲದೆ ಬರುವವರು ಹೆಚ್ಚಾದರು. ಅದೇ ವರ್ಷ ಸಣ್ಣ ಮೊತ್ತದ ದಾವೆಗಳ ಮಿತಿ 5,000ದಿಂದ 10,000 ಪೌಂಡಿಗೆ ಏರಿತು. ವಕೀಲರಿದ್ದರೆ ಅವರು ಪ್ರಶ್ನೆ ಕೇಳುತ್ತಾರೆ, ನಾವು ಕೇಳಿಸಿಕೊಳ್ಳುತ್ತೇವೆ. ಇಲ್ಲದಿದ್ದರೆ ಪಾಟಿ ಸವಾಲಿನ ಅರ್ಧ ಕೆಲಸ ನ್ಯಾಯಾಧೀಶರ ಮೇಲೆ ಬೀಳುತ್ತದೆ. ಈ ವಿಷಯದಲ್ಲಿ ಮಾತ್ರ ಸಾಲಿಸಿಟರ್ ಆಗಿದ್ದದ್ದು ನನಗೆ ಬಲವಾಯಿತು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಸಿದ್ಧಪಡಿಸಿದ ಕಡತ ಕೈಗೆ ಬರುವ ಬ್ಯಾರಿಸ್ಟರಿಗಿಂತ, ಪ್ಲಾಸ್ಟಿಕ್ ಚೀಲದಲ್ಲಿ ರಸೀದಿ ತುಂಬಿಕೊಂಡು ಬಂದವನ ಕಥೆಯನ್ನು ಬಿಡಿಸಿ ಕೇಳುವುದು ನಮಗೆ ಅಭ್ಯಾಸ. ಕಥೆ ಕೇಳಿದ ಮೇಲೆ ‘ಹಾಗಾದರೆ ನಾವೇನು ಮಾಡೋಣ’ ಎಂಬ ಮಾತು ಬಾಯಿಗೆ ಬರದಂತೆ ತಡೆಯುವುದಷ್ಟೇ ಕಷ್ಟ.

2020ರ ಮಾರ್ಚ್ 27ರಿಂದ ಸೆಪ್ಟೆಂಬರ್ 20ರವರೆಗೆ, ಕೊರೊನಾ ಕಾರಣದಿಂದ, ಮನೆ ಬಿಡಿಸುವ ದಾವೆಗಳೆಲ್ಲ ತಡೆಹಿಡಿಯಲ್ಪಟ್ಟವು. ಆ ಆರು ತಿಂಗಳು ಉಳಿದ ಪ್ರಕರಣಗಳನ್ನು ಊಟದ ಮೇಜಿನ ಮುಂದೆ ಕೂತು ಫೋನಿನಲ್ಲಿ ಕೇಳಿದೆ. 2022ರ ಡಿಸೆಂಬರಿನಲ್ಲಿ, ನಮ್ಮನ್ನು ‘ಸರ್’, ‘ಮೇಡಂ’ ಎನ್ನುವ ಬದಲು ‘ಜಡ್ಜ್’ ಎಂದು ಕರೆಯಬೇಕೆಂದು ಮುಖ್ಯ ನ್ಯಾಯಮೂರ್ತಿಗಳು ಸೂಚಿಸಿದರು. ನ್ಯಾಯಾಧೀಶೆ ಎನಿಸಿಕೊಂಡು ಹನ್ನೆರಡು ವರ್ಷದ ಮೇಲೆ ಆ ಪದ ನನ್ನನ್ನು ಉದ್ದೇಶಿಸಿ ಕೋಣೆಯಲ್ಲಿ ಕೇಳಿಸಿತು. ನಿವೃತ್ತಿಯ ವಯಸ್ಸು ಆ ವರ್ಷವೇ 70ರಿಂದ 75ಕ್ಕೆ ಏರಿದ್ದರೂ ನಾನು 2024ರಲ್ಲಿ, 66ನೆಯ ವಯಸ್ಸಿಗೆ, ಎದ್ದು ಬಂದೆ. ಸಂಜೆಗಳಲ್ಲಿ ತೀರ್ಪುಗಳು ತಲೆಯಿಂದ ಇಳಿಯುತ್ತಿರಲಿಲ್ಲ, ಅದೇ ಕಾರಣ.

ಕಳೆದ ಚಳಿಗಾಲ ತಿಪಟೂರಿಗೆ ಹೋಗಿದ್ದಾಗ ಅಪ್ಪನ ಕಾಲದ ಗುಮಾಸ್ತರೊಬ್ಬರ ಮಗ ಮನೆಗೆ ಬಂದು, ‘ಡಿಸ್ಟ್ರಿಕ್ಟ್ ಜಡ್ಜ್ ಆಗಿದ್ದಿರಂತಲ್ಲ ಅಕ್ಕ, ಇಡೀ ಜಿಲ್ಲೆಗೇ?’ ಎಂದು ಕೇಳಿದರು. ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರೆಂದರೆ ಕೊಲೆ ಪ್ರಕರಣ ನಡೆಸಿ ಮರಣದಂಡನೆ ವಿಧಿಸಬಲ್ಲವರು. ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಜಡ್ಜ್ ಹಾಗಲ್ಲ, ಸಿವಿಲ್ ಕೋರ್ಟಿನ ಏಣಿಯಲ್ಲಿ ಕೆಳಗಿನ ಮೆಟ್ಟಿಲು, ಬಾಕಿ, ಬಾಡಿಗೆ, ಜಪ್ತಿ ಇಂಥವು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅಂದರೆ ನಮ್ಮ ಮುನ್ಸೀಫ್ ಕೋರ್ಟ್’ ಎಂದರು. ಹೌದು ಎಂದೆ. ಮರುದಿನ ಬೆಳಗ್ಗೆ ಇಬ್ಬರೂ ಕೋರ್ಟಿನವರೆಗೆ ನಡೆದುಹೋದೆವು. ಒಳಗೆ ಯಾರದೋ ಹೆಸರನ್ನು ಜವಾನ ಎರಡನೆಯ ಸಲ ಕೂಗುತ್ತಿದ್ದ.